ಬಾನೆಟ್ಟಿನ ಬಿಸಿ

ಆ ಬೇಸಿಗೆಯಲ್ಲಿ ನಾನು ಕಾರವಾರದ ಕಚೇರಿಯೊಂದರಲ್ಲಿ ಹೊಸ ಗುಮಾಸ್ತ. ದಿನಚರಿ ಬರೆಯುವ ಅಭ್ಯಾಸ ಶಾಲೆಯಲ್ಲಿದ್ದಾಗಲೇ ಅಂಟಿಕೊಂಡಿತ್ತು. ಅಂಕೋಲೆಯಲ್ಲಿ ಬೇರೆಯವರ ಬಸ್ಸು ಓಡಿಸುತ್ತಿದ್ದ ಅಕ್ಕನ ಗಂಡ, ತನ್ನದೇ ಬಾಡಿಗೆ ಕಾರು ಇಡುತ್ತೇನೆಂದು ಹಟ ಹಿಡಿದಾಗ, ಜೊತೆಗೆ ಹೋಗಿ ಕಂಡದ್ದನ್ನೆಲ್ಲ ಬರೆದುಕೊಳ್ಳುವ ಕೆಲಸ ನನ್ನ ಪಾಲಿಗೆ ಬಂತು.

ಕಾರು ಕಾರವಾರದ ಕೋಡಿಬಾಗದಲ್ಲಿದ್ದ ಮರದ ವ್ಯಾಪಾರಿಯೊಬ್ಬರದು. ಅಮೆರಿಕದ ದೊಡ್ಡ ಗಾಡಿ, ಏಳು ಜನ ಕೂರಬಹುದು. ಚರ್ಮದ ಸೀಟು, ಹಿಂದೆ ಕೂತವರ ಪಕ್ಕದಲ್ಲಿ ಹೂವಿಡಲು ಒಂದು ಗಾಜಿನ ಕುಪ್ಪಿ. ಮುಂಬಯಿಗೆ ಹೊರಟಿದ್ದ ಅವರು ಹೇಳಿದ ಬೆಲೆಗೆ ಅಕ್ಕನ ಎರಡೂ ಜೊತೆ ಬಂಗಾರದ ಪಾಟ್ಲಿ ಬಳೆಗಳು ಹೋಗಬೇಕಿತ್ತು. ಅದರಲ್ಲಿ ಒಂದು ಜೊತೆ ತೀರಿಕೊಂಡ ಅವ್ವನದು. ಅಕ್ಕ ಬಳೆ ಸಡಿಲಾಗಿದೆಯೇ ಎಂದು ನೋಡುವವಳಂತೆ ಆಗಾಗ ಮೊಣಕೈಯತ್ತ ಸರಿಸಿಕೊಳ್ಳುತ್ತಿದ್ದಳು.

ನಾವು ಹೋದಾಗಲೆಲ್ಲ ವ್ಯಾಪಾರಿ ಕಂಪನಿಯ ಗ್ಯಾರಂಟಿ ಕಾಗದವನ್ನು ರೇಷ್ಮೆ ಬಟ್ಟೆಯಿಂದ ಬಿಚ್ಚಿ ತೋರಿಸುತ್ತಿದ್ದರು. ಭಾವ ಅದರ ಬಂಗಾರದ ಅಂಚು ನೋಡಿದ. ನಾನು ತಾರೀಖು ನೋಡಿದೆ. ಅವಧಿ ಮುಗಿದು ಎರಡು ಮಳೆಗಾಲ ಕಳೆದಿದ್ದವು. ಹಾಗೆಂದಾಗ ಅವರು ನಕ್ಕುಬಿಟ್ಟರು.

"ಕಾಗದ ಮುಗೀತು ಮಾರಾಯಾ, ಗಾಡಿ ಮುಗೀಲಿಲ್ಲ."

ಮೂರು ಸಲ ಹೋದೆವು. ಮೂರು ಸಲವೂ ಮೊದಲೇ ಹೇಳಿ ಕಳಿಸಿ, ಸಂಜೆ ಕಚೇರಿ ಬಿಟ್ಟ ಮೇಲೆ. ಮೂರು ಸಲವೂ ಗುಂಡಿ ಒತ್ತಿದೊಡನೆ ಗಾಡಿ ಸುರುವಾಯಿತು. ಭಾವ ಒಪ್ಪಿಬಿಟ್ಟ. ಆ ಭಾನುವಾರ ಭಾವನ ಜೊತೆ ಊರಿಗೆ ಹೋಗಿ ಅಪ್ಪನೆದುರು ದಿನಚರಿ ಓದಿದೆ. ಟಯರು, ದೀಪ, ಬ್ರೇಕು ಎಲ್ಲ ಆದ ಮೇಲೆ ಪ್ರತಿ ಭೇಟಿಯ ಕೊನೆಗೂ ಒಂದೇ ಸಾಲು: ಬಾನೆಟ್ಟಿಗೆ ಕೈಯಾನಿಸಿದೆ, ಬಿಸಿ ಇತ್ತು. ಬರೆದವನು ನಾನೇ ಆದರೂ ಅದರ ಅರ್ಥ ನನಗೆ ಹೊಳೆದಿರಲಿಲ್ಲ.

ಗದ್ದೆ ಬಿಟ್ಟು ಬೇರೇನೂ ಅರಿಯದ ಅಪ್ಪ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿದ.

"ಎತ್ತು ನಿತ್ತಿದ್ದಾಗ ನೋಡಿ ತಕಂಬುದಲ್ಲ ತಮಾ. ಬೆಳಗಾಗುಕೆ ಮುಂಚೆ ಹೋಗು. ಮನಗಿದ್ದು ಹ್ಯಾಂಗೆ ಏಳ್ತದೆ ನೋಡು."

ಭಾವನಿಗೆ ಸಿಟ್ಟು ಬಂತು. ಮಾವ ಕಾರಿಗೂ ಹಲ್ಲು ಎಣಿಸಬೇಕು ಅಂತಾರೆ ಎಂದು ಗೊಣಗಿದ. ಆದರೆ ನಾನು ನಿರ್ಧರಿಸಿಯಾಗಿತ್ತು. ನಾಲ್ಕನೆಯ ಸಲ ಯಾರಿಗೂ ಹೇಳದೆ, ಕಾಗೆ ಕೂಗುವ ಹೊತ್ತಿಗೆ, ಅವನನ್ನು ಎಳೆದುಕೊಂಡೇ ಕೋಡಿಬಾಗಕ್ಕೆ ನಡೆದೆ.

ಶೆಡ್ಡಿನಲ್ಲಿ ಡ್ರೈವರು ಚಾಪೆಯ ಮೇಲೆ ಮಲಗಿದ್ದ. ಬಾನೆಟ್ಟು ಬಾವಿಕಟ್ಟೆಯ ಕಲ್ಲಿನಷ್ಟು ತಣ್ಣಗಿತ್ತು. ಎದ್ದವನು ನಮ್ಮನ್ನು ತಡೆಯಲಿಲ್ಲ. ನೀವು ಬರುವ ಮುಂಚೆ ಗಾಡಿಯನ್ನು ಒಂದು ಸುತ್ತು ಓಡಿಸಿ ತಂದಿಡಲು ಒಡೆಯರ ಅಪ್ಪಣೆ ಇತ್ತು ಎಂದು ಕಣ್ಣುಜ್ಜುತ್ತಲೇ ಹೇಳಿಬಿಟ್ಟ. ಗುಂಡಿ ಒತ್ತಿದರೆ ಗಾಡಿ ನರಳಿ ಸುಮ್ಮನಾಯಿತು. ಭಾವ ಮುಂದಿನಿಂದ ಹ್ಯಾಂಡಲ್ ಹಾಕಿ ತಿರುಗಿಸಿದ, ನಾನು ಎಣಿಸಿದೆ. ಇಪ್ಪತ್ತಮೂರನೆಯ ಸುತ್ತಿಗೆ ಕೆಮ್ಮುತ್ತ ಎದ್ದು ಶೆಡ್ಡಿನ ತುಂಬ ನೀಲಿ ಹೊಗೆ ಕಕ್ಕಿತು.

ಭಾವನ ಮುಖದಲ್ಲಿ ಸಿಟ್ಟು ಉಳಿದಿರಲಿಲ್ಲ. ಸ್ಕ್ರೂಡ್ರೈವರಿನ ಒಂದು ತುದಿಯನ್ನು ಇಂಜಿನ್ನಿಗೂ ಇನ್ನೊಂದನ್ನು ಕಿವಿಗೂ ಹಚ್ಚಿ ಬಹಳ ಹೊತ್ತು ಆಲಿಸಿದ. ಹೊಗೆಗೆ ಎಚ್ಚೆತ್ತು ವ್ಯಾಪಾರಿ ಪಂಚೆ ಸುತ್ತಿಕೊಳ್ಳುತ್ತ ಬರುವಷ್ಟರಲ್ಲಿ ಅವನ ಪರೀಕ್ಷೆ ಮುಗಿದಿತ್ತು.

"ಪಿಸ್ಟನ್ನಿನ ರಿಂಗು ಸವೆದೀದು. ಬೇರೆಂತದೂ ಇಲ್ಲ," ಎಂದ. "ಒಂದು ಜೊತೆ ಪಾಟ್ಲಿಗೆ ಎಷ್ಟು ಬತ್ತದೋ ಅಷ್ಟಕ್ಕೆ ಕೊಡಿ. ಇಲ್ದಿದ್ರೆ ನಿಮ್ಮ ಕಾಗದ ಓಡ್ಸಿ."

ವ್ಯಾಪಾರಿ ಡ್ರೈವರನ್ನು ಕೊಂಕಣಿಯಲ್ಲಿ ಬೈದರು. ಆಮೇಲೆ ಹೊಗೆಯನ್ನು ನೋಡಿದರು. ಮಧ್ಯಾಹ್ನದೊಳಗೆ ಒಪ್ಪಿಕೊಂಡರು.

ನಾನು ಕಚೇರಿಗೆ ರಜೆ ಹಾಕಿದೆ, ಗಾಡಿಯನ್ನು ಊರಿನ ಮನೆಗೆ ತಂದೆವು. ರಿಂಗುಗಳು ಹುಬ್ಬಳ್ಳಿಯಿಂದ ಊರ ಹತ್ತಿರದ ಬಾಳೆಗುಳಿಯವರೆಗೆ ಲಾರಿಯಲ್ಲಿ ಬಂದವು, ಅಲ್ಲಿಂದ ಮನೆಗೆ ನನ್ನ ಹೆಗಲ ಮೇಲೆ. ಅಂಗಳದ ಚಪ್ಪರದಡಿ ಭಾವ ಬಿಚ್ಚಿಕೊಟ್ಟ ಒಂದೊಂದು ಭಾಗಕ್ಕೂ ನಂಬರು ಕಟ್ಟಿ, ದಿನಚರಿಯಲ್ಲಿ ಬರೆದು, ಅದೇ ಕ್ರಮದಲ್ಲಿ ತಿರುಗಿ ಕೊಟ್ಟೆ. ಹನ್ನೊಂದು ದಿನ ಹಿಡಿಯಿತು. ಕೊನೆಗೆ ಒಂದು ಬೋಲ್ಟು ಉಳಿದಿದ್ದಕ್ಕೆ ಮತ್ತೆ ಅರ್ಧ ಬಿಚ್ಚಿದೆವು.

ಹನ್ನೆರಡನೆಯ ದಿನ ಬೆಳಗಾಗುವ ಮೊದಲೇ ಎಲ್ಲರೂ ಅಂಗಳದಲ್ಲಿದ್ದೆವು. ಅಕ್ಕ ಲಾಟೀನು ಹಿಡಿದಿದ್ದಳು, ಆ ಕೈಯಲ್ಲಿ ಅವ್ವನ ಪಾಟ್ಲಿ. ಭಾವ ಹ್ಯಾಂಡಲ್ ಎತ್ತಿಕೊಂಡ. ಅಪ್ಪ ಅವನನ್ನು ತಡೆದು, ಬಂದು ಬಾನೆಟ್ಟಿನ ಮೇಲೆ ಅಂಗೈ ಊರಿದ.

"ತಣ್ಣಗದೆ," ಎಂದ. "ಈಗ ಎಬ್ಸು."

ಮೂರನೆಯ ಸುತ್ತಿಗೆ ಎದ್ದಿತು.