ಖಾಲಿ ಜಾರಿನ ಡಾಕ್ಟರು

ನಮ್ಮ ಚಿಕ್ಕಪ್ಪನಿಗೆ ಬೀದಿಯವರು ಇಟ್ಟ ಹೆಸರು ಡಾಕ್ಟರು. ರಿಪೇರಿ ಮಾಡುವುದು ಮಿಕ್ಸಿಗಳನ್ನು. ಸ್ಕ್ರೂಡ್ರೈವರಿನ ತುದಿಯನ್ನು ಮೋಟಾರಿಗೂ ಹಿಡಿಯನ್ನು ಕಿವಿಗೂ ಒತ್ತಿ, ಕಣ್ಣು ಮುಚ್ಚಿ, ಬುಷ್ ಹೋಗಿದೆ ಎಂದರೆ ಹೋಗಿದೆ, ಕಾರ್ಬನ್ ಸವೆದಿದೆ ಎಂದರೆ ಸವೆದಿದೆ. ಬಿಚ್ಚಿ ನೋಡುವುದು ಬರೀ ಶಾಸ್ತ್ರಕ್ಕೆ. ಮೂವತ್ತೊಂದು ವರ್ಷದಲ್ಲಿ ಆ ಕಿವಿ ಒಮ್ಮೆಯೂ ತಪ್ಪಿಲ್ಲ ಎಂದು ಅವರೇ ಹೇಳುತ್ತಾರೆ. ಬೇರೆ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ.

ತಪ್ಪೆಲ್ಲ ಗಿರಾಕಿಗಳದು. "ಏನಾದ್ರೂ ಹಾಕಿದ್ರೆ ಗರಗರ ಅನ್ನುತ್ತೆ" ಎಂದು ಹೆಂಗಸರು ಮಿಕ್ಸಿ ತಂದರೆ ಚಿಕ್ಕಪ್ಪ ಖಾಲಿ ಜಾರು ಕೂರಿಸಿ ತಿರುಗಿಸುತ್ತಾರೆ. ಹಣ್ಣು, ಬೇಳೆ ಎಂದು ಏನನ್ನಾದರೂ ಹಾಕಿ ನೋಡಿದರೆ ಅಂಗಡಿ ಗಲೀಜಾಗುತ್ತದಂತೆ. ಖಾಲಿ ಜಾರು ಸೊಗಸಾಗಿ ತಿರುಗುತ್ತದೆ. "ಮಿಕ್ಸಿ ಸರಿಯಾಗೇ ಇದೆ ತಾಯಿ. ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ" ಎಂದು ನಗುತ್ತಾರೆ. ಬಂದವಳು ಮುಖ ಸಣ್ಣಗೆ ಮಾಡಿಕೊಂಡು ಮಿಕ್ಸಿ ಎತ್ತಿಕೊಂಡು ಹೋಗುತ್ತಾಳೆ.

ಮನೆಯಲ್ಲಿ ಅವರಿದ್ದಾಗ ಮಿಕ್ಸಿ ಹಾಕುವಂತಿಲ್ಲ. ದಿನವಿಡೀ ದುಡಿದ ಕಿವಿಗೆ ಮನೆಯಲ್ಲಾದರೂ ವಿಶ್ರಾಂತಿ ಬೇಡವೇ? ಹಾಗಾಗಿ ರುಬ್ಬುವುದನ್ನೆಲ್ಲ ಚಿಕ್ಕಮ್ಮ ಅವರು ಬಾಗಿಲು ದಾಟಿದ ಮೇಲೆ ಶುರುಮಾಡಿ, ವಾಪಸು ಬರುವುದರೊಳಗೆ ಮುಗಿಸುತ್ತಾರೆ. ಮಿಕ್ಸಿ ಡಾಕ್ಟರು ತಮ್ಮದೇ ಮನೆಯ ಮಿಕ್ಸಿಯ ಸದ್ದು ಕೇಳದೆ ಮೂವತ್ತೊಂದು ವರ್ಷ ಸಂಸಾರ ಮಾಡಿದ್ದಾರೆ.

ಹೀಗಿರುವಾಗ ಚಿಕ್ಕಮ್ಮನ ನಾಲ್ಕು ಹಲ್ಲು ಒಂದೇ ದಿನ ಕೀಳಬೇಕಾಗಿ ಬಂತು. ಹಲ್ಲಿನ ಡಾಕ್ಟರಮ್ಮ ಬಾಯಿಗೆ ಹತ್ತಿ ತುರುಕಿ ಚಿಕ್ಕಪ್ಪನಿಗೆ ಹೇಳಿ ಕಳಿಸಿದರು: "ಇವತ್ತು ಮಾತು ಬೇಡ, ಅಗಿಯೋದೂ ಬೇಡ. ಮಾವು, ಪಪ್ಪಾಯ, ಬಾಳೆಹಣ್ಣು ಹಾಕಿ ತಣ್ಣಗೆ ಸ್ಮೂದಿ ಮಾಡಿಕೊಡಿ. ಸ್ಟ್ರಾ ಬೇಡ, ಚಮಚದಲ್ಲಿ ಕುಡೀಲಿ. ಹೊಟ್ಟೆಗೆ ಅದು ಬಿದ್ದ ಮೇಲೇನೇ ನೋವಿನ ಮಾತ್ರೆ. ಇಂಜೆಕ್ಷನ್ ಜೋಮು ಎರಡು ಗಂಟೆ ಇರುತ್ತೆ, ಅಷ್ಟರೊಳಗೆ ಕೊಡಿ."

ಡಾಕ್ಟರಮ್ಮ ಮೊದಲೇ ತಿಳಿಸಿದ್ದರಿಂದ ಚಿಕ್ಕಮ್ಮ ಹಿಂದಿನ ದಿನವೇ ಹಣ್ಣು ಹೆಚ್ಚಿ ಫ್ರೀಜರಿನಲ್ಲಿಟ್ಟಿದ್ದರು, ತೆಂಗಿನ ಹಾಲು ಹಿಂಡಿ ಪಾತ್ರೆಗೆ ಮುಚ್ಚಳ ಹಾಕಿದ್ದರು. ಭಯಕ್ಕೆ ಬೆಳಗ್ಗೆಯಿಂದ ಏನೂ ತಿಂದಿರಲಿಲ್ಲ. ಪಕ್ಕದ ಮನೆಯವಳಾದ ನಾನು ಸ್ಮೂದಿ ಮಾಡಿಕೊಡಲು ಬಂದರೆ ಚಿಕ್ಕಪ್ಪ ಅಡುಗೆಮನೆ ಬಾಗಿಲಿಗೆ ಅಡ್ಡ ನಿಂತರು.

"ಮಿಕ್ಸಿ ವಿಷಯ ನನಗೆ ಹೇಳಿಕೊಡ್ತೀಯಾ? ನೀನು ಚಿಕ್ಕಮ್ಮನ ಹತ್ರ ಕೂತ್ಕೋ ಹೋಗು."

ಕೂತೆ. ಚಿಕ್ಕಪ್ಪ ಕಲ್ಲಿನಂಥ ಹಣ್ಣಿನ ಹೋಳುಗಳನ್ನು ಜಾರಿನ ಕಂಠದವರೆಗೆ ತುಂಬಿ ಮಿಕ್ಸಿ ತಿರುಗಿಸಿದರು. ಗರ್ರ್, ಕಟಕಟ, ಗರ್ರ್! ಹಾವು ತುಳಿದವರಂತೆ ಹಾರಿ ಸ್ವಿಚ್ ಆರಿಸಿದರು. "ಬೇರಿಂಗ್! ಪೂರ್ತಿ ಹೋಗಿದೆ. ಇಂಥಾ ಮಿಕ್ಸೀಲಿ ಇವಳು ಹೇಗೆ ಅಡುಗೆ ಮಾಡ್ತಿದ್ದಳೋ!"

ಜಾರು ಇಳಿಸಿ, ಮಿಕ್ಸಿ ಬೋರಲು ಹಾಕಿ, ನಾಲ್ಕು ಸ್ಕ್ರೂ ಬಿಚ್ಚಿದರು. ಬೇರಿಂಗ್ ಚೆನ್ನಾಗಿತ್ತು. ಮುಚ್ಚಿ, ಜಾರಿಲ್ಲದೆ ತಿರುಗಿಸಿದರು. ಕಟಕಟ ಸದ್ದೇ ಇಲ್ಲ. ಜಾರು ಕೂರಿಸಿದರು. ಮತ್ತೆ ಗರ್ರ್, ಕಟಕಟ!

ಈಗ ಅನುಮಾನ ಜಾರನ್ನು ಮೋಟಾರಿಗೆ ಕಚ್ಚಿಸುವ ಕೆಳಗಿನ ಕಪ್ಲರ್ ಮೇಲೆ ಬಂತು. ಹಣ್ಣನ್ನು ಫ್ರೀಜರಿಗೆ ವಾಪಸು ಸುರಿದರು. ಅದನ್ನು ಬಿಚ್ಚುವಾಗ ಚಿಕ್ಕಮ್ಮ ಹಳೇ ಕ್ಯಾಲೆಂಡರಿನ ಹಾಳೆಯ ಹಿಂದೆ ಪೆನ್ಸಿಲಿನಲ್ಲಿ ಬರೆದು ನನ್ನ ಕೈಯಲ್ಲಿ ಕಳಿಸಿದರು: 'ಹಾಲು ಹಾಕಿ.'

"ಮೋಟಾರಿಗೆ ಹಾಲು ಹಾಕೋಕಾಗುತ್ತಾ?" ಎಂದರು ಚಿಕ್ಕಪ್ಪ. "ಪಾಪ, ನೋವಲ್ಲಿ ಏನೇನೋ ಬರೀತಿದ್ದಾಳೆ."

ಕಪ್ಲರ್ ಆಯಿತು, ಕಾರ್ಬನ್ ಆಯಿತು. ಅಡುಗೆಕಟ್ಟೆಯ ಮೇಲೆ ಮಿಕ್ಸಿಯ ಕರುಳೆಲ್ಲ ಹೊರಗೆ ಬಂದಿತ್ತು. ಚಿಕ್ಕಮ್ಮನ ಕೆನ್ನೆ ಊದಿತ್ತು. ಜೋಮು ಇಳಿಯುತ್ತ ಬಂದು ಅವರು ದಿಂಬನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು, ಕಣ್ಣಲ್ಲಿ ನೀರು. ಮಾತ್ರೆ ಕೈಯಲ್ಲೇ ಇತ್ತು, ಹೊಟ್ಟೆ ಖಾಲಿ. ನನಗೆ ಸಿಟ್ಟು ನೆತ್ತಿಗೇರಿತು. ಒಳಗೆ ಹೋಗಿ, "ಚಿಕ್ಕಪ್ಪಾ, ದಮ್ಮಯ್ಯ ಅಂತೀನಿ, ನಮ್ಮನೆ ಮಿಕ್ಸೀಲಿ ಮಾಡ್ಕೊಂಡು ಬರ್ತೀನಿ, ಹಣ್ಣು ಕೊಡಿ" ಎಂದೆ.

"ಬೇರೆ ಮನೆ ಮಿಕ್ಸಿ? ನನ್ನ ಮರ್ಯಾದೆ ಏನಾಗ್ಬೇಕು?" ಎನ್ನುತ್ತ ಎಲ್ಲವನ್ನೂ ಮತ್ತೆ ಜೋಡಿಸಿ, ಹಣ್ಣನ್ನು ಮೊದಲಿನಂತೆ ಕಂಠದವರೆಗೆ ತುಂಬಿದರು. ತಿರುಗಿಸಿದರು. ಗರ್ರ್, ಕಟಕಟ! ಆರಿಸಿ, ತಲೆಯ ಮೇಲೆ ಕೈ ಹೊತ್ತು ನಿಂತರು. "ಇಂಥಾ ಕಾಯಿಲೆ ನಾನು ನೋಡೇ ಇಲ್ಲ."

ಚಿಕ್ಕಮ್ಮ ಎದ್ದು ಬಂದರು. ಗಂಡನ ಕೈಯಿಂದ ಸ್ಕ್ರೂಡ್ರೈವರ್ ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡರು. ಜಾರಿನಿಂದ ಅರ್ಧ ಹಣ್ಣು ತೆಗೆದರು. ತೆಂಗಿನ ಹಾಲು ಸುರಿದು, ಮುಚ್ಚಳದ ಮೇಲೆ ಅಂಗೈ ಒತ್ತಿ, ಎರಡು ಸಲ ಬಿಟ್ಟು ಬಿಟ್ಟು ತಿರುಗಿಸಿ, ಆಮೇಲೆ ಪೂರ್ತಿ ಹಾಕಿದರು. ಮಿಕ್ಸಿ ಕಿರುಚಿತು. ಸ್ವಿಚ್ಚಿಗೆ ಹಾರಿದ ಚಿಕ್ಕಪ್ಪನ ಎದೆಗೆ ಇನ್ನೊಂದು ಕೈ ಕೊಟ್ಟು ತಡೆದರು. ಕಟಕಟ ಎನ್ನುತ್ತಿದ್ದದ್ದು ಗೊಣಗಿತು, ಗೊಣಗಿದ್ದು ಮೆತ್ತಗಾಯಿತು, ಕೊನೆಗೆ ದಪ್ಪ ದನಿಯಲ್ಲಿ ಒಂದೇ ಸಮನೆ ಓಡಿತು.

ಡಾಕ್ಟರು ಬಾಯಿ ತೆರೆದುಕೊಂಡು ಕೇಳುತ್ತ ನಿಂತಿದ್ದರು.

ಚಿಕ್ಕಮ್ಮ ತಣ್ಣಗಿನ ಹಳದಿ ಸ್ಮೂದಿಯ ಲೋಟವನ್ನು ಮೊದಲು ಕೆನ್ನೆಗೆ ಒತ್ತಿಕೊಂಡರು. ಬಾಯಿಯ ಹತ್ತಿ ತೆಗೆದು ಚಮಚ ಚಮಚವಾಗಿ ಕುಡಿದು, ಮಾತ್ರೆ ನುಂಗಿದರು. ಆಮೇಲೆ ಕ್ಯಾಲೆಂಡರ್ ಹಾಳೆ ಎಳೆದುಕೊಂಡರು. ಮೂವತ್ತೊಂದು ವರ್ಷದ ಲೆಕ್ಕ ಈಗ ಬರುತ್ತದೆ ಎಂದುಕೊಂಡೆ. ಬರೆದದ್ದು ಎರಡೇ ಪದ.

'ನೆಲ ಡೊಂಕಾ?'

ಚಿಕ್ಕಪ್ಪ ಅದನ್ನು ಓದಿದರು. ಜಾರು ತೊಳೆಯಲು ಹೋದರು.

ಮರುದಿನ ಅಂಗಡಿಗೆ ಹೊರಡುವಾಗ ಚೀಲದಲ್ಲಿ ಆರು ಬಾಳೆಹಣ್ಣು, ಒಂದು ಡಬ್ಬಿ ಐಸು ಇದ್ದವು. ಮೊದಲು ಬಂದ ಹೆಂಗಸು ಮಿಕ್ಸಿ ಇಳಿಸುತ್ತಿದ್ದಂತೆ, "ಏನು ಹಾಕಿದಾಗ ಸದ್ದು ಬರುತ್ತೆ ತಾಯಿ?" ಎಂದು ಕೇಳಿ ಜಾರಿಗೆ ಹಣ್ಣು ಮುರಿದು ಹಾಕಿದರು.

ಆಕೆ ಸೊಂಟದ ಮೇಲೆ ಕೈಯಿಟ್ಟು ನೋಡಿದಳು. "ಹೋದ ಸಲ ಖಾಲಿ ತಿರುಗಿಸಿ ಏನೂ ಆಗಿಲ್ಲ ಅಂತ ಕಳಿಸಿದ್ರಲ್ಲ?"

"ಆಗ ನೆಲ ಡೊಂಕಿತ್ತು ತಾಯಿ" ಎಂದರು ಚಿಕ್ಕಪ್ಪ.