ಮ್ಯೂರಿಯಲ್ ಪಾಲಿನ ಹೂವು

ನಮ್ಮ ಥಾರ್ನ್‌ಲೋ ಹಳ್ಳಿಯಲ್ಲಿ ಆರ್ನಲ್ಡ್ ಪಿಕ್‌ಫೋರ್ಡ್ ಕಂಡುಹಿಡಿದ ಯಾವ ಹೂವಿಗೂ ಹೆಸರಾಗದೆ ಉಳಿದವಳೆಂದರೆ ಅವನ ಹೆಂಡತಿ ಮ್ಯೂರಿಯಲ್ ಒಬ್ಬಳೇ ಎಂದು ಜನ ನಗುತ್ತಿದ್ದರು. ಪಾದ್ರಿಯ ಹೆಂಡತಿಯ ಹೆಸರಿನ ಸ್ನೋಡ್ರಾಪ್ ಹೂವಿತ್ತು. ಪೋಸ್ಟ್ ಆಫೀಸಿನ ಐವಿಯ ಹೆಸರಿನದಿತ್ತು. ನನ್ನ ಹೆಸರಿನದೂ ಒಂದಿದೆ, ಮೋಟು ಕಾಂಡದ್ದು, ಉಳಿದವೆಲ್ಲ ಮಲಗಿರುವಾಗಲೇ ಎದ್ದು ನಿಲ್ಲುವಂಥದ್ದು. ಅದಕ್ಕೆ ನನ್ನ ಹೆಸರೇ ಯಾಕೆ ಹೊಳೆಯಿತು ಎಂದು ನಾನು ಕೇಳಲು ಹೋಗಲಿಲ್ಲ. ಮೇಲಿನ ಬೀದಿಯ ಕುಂಟು ನಾಯಿಯ ಹೆಸರಲ್ಲೂ ಒಂದಿತ್ತು. ಮ್ಯೂರಿಯಲ್ ಹೆಸರಿನದು ಮಾತ್ರ ಇರಲಿಲ್ಲ.

ಆರ್ನಲ್ಡ್ ಹಾಲಿನ ಟ್ಯಾಂಕರ್ ಓಡಿಸುತ್ತಿದ್ದವನು. ಬೆಳಗಾಗುತ್ತಿದ್ದಂತೆ ಸುತ್ತಿನ ಫಾರ್ಮುಗಳಿಗೆಲ್ಲ ಹೋಗಿ ಹಾಲು ತುಂಬಿಸಿಕೊಂಡು ಬರಬೇಕು. ಪೈಪು ಹಾಲು ಎಳೆಯುತ್ತಿರುವಷ್ಟು ಹೊತ್ತು ಬೇರೆ ಡ್ರೈವರುಗಳು ಸಿಗರೇಟು ಸೇದುತ್ತಿದ್ದರು, ಇವನು ಹಳೇ ಸೇಬಿನ ತೋಟಗಳಲ್ಲಿ, ಹಳ್ಳದ ದಂಡೆಯಲ್ಲಿ, ಮುರಿದ ಗೋಡೆಗಳ ಬುಡದಲ್ಲಿ ಮೊಣಕಾಲೂರಿ ನೆಲಕ್ಕೆ ಕೆನ್ನೆ ಹಚ್ಚಿ ನೋಡುತ್ತಿದ್ದ. ಫೆಬ್ರವರಿಯಲ್ಲಿ ನಮ್ಮ ಕಡೆ ನೆಲವೆಲ್ಲ ಸ್ನೋಡ್ರಾಪ್. ಹೊರಗೆ ಮೂರು ಉದ್ದನೆಯ ಬಿಳಿ ಎಸಳು, ಒಳಗೆ ಪುಟ್ಟ ಬಟ್ಟಲಿನ ಹಾಗೆ ಮೂರು ಗಿಡ್ಡ ಎಸಳು, ಅವುಗಳ ತುದಿಗೆ ಹಸಿರು ಮಚ್ಚೆ. ಸಾವಿರದಲ್ಲಿ ಒಂದು ಬೇರೆ ಥರ ಇರುತ್ತದೆ. ಆ ಒಂದನ್ನು ಕಂಡುಹಿಡಿಯುವ ಹುಚ್ಚು ನಮ್ಮೂರಲ್ಲಿ ಹಲವರಿಗಿದೆ, ಆದರೆ ಆರ್ನಲ್ಡ್‌ನದು ವಿಪರೀತ. ನಿವೃತ್ತಿಯಾದ ಮೇಲಂತೂ ಊಟಕ್ಕೆ ಕರೆಯಬೇಕೆಂದರೆ ಹೊಲದಲ್ಲಿ ಅವನ ಬೂಟಿನ ಅಡಿ ಎಲ್ಲಿ ಕಾಣುತ್ತದೆ ಎಂದು ಹುಡುಕಬೇಕಿತ್ತು.

ಹೆಸರಿಡುವುದಕ್ಕೆ ನಮ್ಮಲ್ಲಿ ಒಂದು ರೀತಿ ಇದೆ. ಜಮೀನಿನವರನ್ನು ಕೇಳಿ ಅರ್ಧ ಗೆಡ್ಡೆಗಳನ್ನು ಅಲ್ಲೇ ಬಿಟ್ಟು ಅರ್ಧ ತರಬೇಕು. ಮನೆಯಲ್ಲಿ ನಾಲ್ಕು ಚಳಿಗಾಲ ಬೆಳೆಸಿ ನೋಡಬೇಕು, ಯಾಕೆಂದರೆ ಒಂದು ವರ್ಷ ಚಂದ ತೋರಿಸಿ ಮರುವರ್ಷ ಮಾಮೂಲಿಯಾಗಿ ಏಳುವ ಗೆಡ್ಡೆಗಳೇ ಹೆಚ್ಚು. ಆಮೇಲೆ ಫೆಬ್ರವರಿಯ ಸ್ನೋಡ್ರಾಪ್ ಊಟದ ದಿನ, ಚರ್ಚಿನ ಹಾಲ್‌ನಲ್ಲಿ ಸೂಪು ಬಡಿಸುವ ಮೊದಲು, ಹೂವನ್ನು ಮೊಟ್ಟೆ ಇಡುವ ಬಟ್ಟಲಲ್ಲಿ ನಿಲ್ಲಿಸಿ ಹೆಸರು ಹೇಳಬೇಕು. ಒಮ್ಮೆ ಇಟ್ಟ ಹೆಸರನ್ನು ಇನ್ನೊಂದು ಹೂವಿಗೆ ಇಡುವಂತಿಲ್ಲ. ತನ್ನದೇ ಹೆಸರನ್ನು ಇಟ್ಟುಕೊಳ್ಳುವುದಂತೂ ನಾಚಿಕೆಗೇಡು. ಈ ರೀತಿರಿವಾಜಿಗೆ ಆರ್ನಲ್ಡ್ ಪೊಲೀಸ್ ಇದ್ದ ಹಾಗೆ. ಹಲ್ಲಿನ ಡಾಕ್ಟರಾಗಿದ್ದ ಕಾಲಿನ್ ಗ್ರೈಸ್ ಒಂದೇ ಚಳಿಗಾಲ ನೋಡಿ ಒಂದು ಹಳದಿ ಮಚ್ಚೆಯ ಹೂವಿಗೆ ಮೊಮ್ಮಗಳ ಹೆಸರಿಟ್ಟಿದ್ದರು. ಮುಂದಿನ ವರ್ಷ ಅದು ಹಸಿರಾಗಿ ಎದ್ದಾಗ ಇವನು ಎಲ್ಲರೆದುರು ಗಿಡದ ಬುಡಕ್ಕೆ ಚುಚ್ಚಿದ್ದ ಹೆಸರಿನ ಪಟ್ಟಿ ಕೀಳಿಸಿದ. ಮಗು ಅಲ್ಲೇ ಅತ್ತಿತು. ನನಗೆ ಅವತ್ತು ಇವನ ಮೇಲೆ ಕೆಟ್ಟ ಸಿಟ್ಟು ಬಂದಿತ್ತು.

ಮ್ಯೂರಿಯಲ್ ನನ್ನ ಪಕ್ಕದ ಮನೆಯವಳು, ಶಾಲೆಯಲ್ಲಿ ಅಡುಗೆ ಮಾಡುತ್ತಿದ್ದವಳು. ಇಬ್ಬರ ತೋಟದ ನಡುವೆ ಒಂದು ಬೇಲಿ. ಆ ಬೇಲಿಯಾಚೆಯಿಂದ ಈ ಮಾತು ಎಷ್ಟು ಸಲ ಕೇಳಿದ್ದೇನೋ.

"ನಾಯಿಗೂ ಒಂದು ಸಿಕ್ತು. ನನಗೆ ಯಾವಾಗಪ್ಪಾ?"

"ನಿನ್ನ ಹೆಸರಿಗೆ ತಕ್ಕಂಥದ್ದು ಇನ್ನೂ ಕಂಡಿಲ್ಲ ಮ್ಯೂರಿಯಲ್. ಒಂದೇ ಸಲ ಇಡೋ ಹೆಸರು ಅದು. ಸುಮ್ನೆ ಖರ್ಚು ಮಾಡ್ಲಾ?"

"ಮದುವೆಗೂ ಹಿಂಗೇ ತಕ್ಕಂಥವಳು ಸಿಗ್ಲಿ ಅಂತ ಕಾದಿದ್ರೆ ನಾನು ಬಚಾವಾಗ್ತಿದ್ದೆ."

ನಗುನಗುತ್ತಲೇ ಹೇಳುತ್ತಿದ್ದಳು. ಆದರೆ ಸ್ನೋಡ್ರಾಪ್ ಊಟದ ದಿನ ಅವನು ಎದ್ದು ನಿಂತಾಗಲೆಲ್ಲ ಇವಳು ಮಡಿಲಲ್ಲಿ ಕೈ ಕಟ್ಟಿ ನೆಟ್ಟಗೆ ಕೂರುತ್ತಿದ್ದಳು. ಬೇರೆಯವರ ಹೆಸರು ಕೇಳಿದ ಮೇಲೆ ಮೊದಲು ಚಪ್ಪಾಳೆ ತಟ್ಟುತ್ತಿದ್ದವಳೂ ಇವಳೇ. ನನಗೆ ಅದನ್ನು ನೋಡಲಾಗುತ್ತಿರಲಿಲ್ಲ.

ಆಮೇಲೆ ಅವಳ ಕಣ್ಣಿಗೆ ರೋಗ ಬಂತು. ನೋಡಿದ್ದರ ನಡುಭಾಗವೇ ಮಸುಕು. ನನ್ನ ಟೋಪಿ ಕಾಣುತ್ತದೆ, ಮುಖ ಕಾಣುವುದಿಲ್ಲ. "ನಿನ್ನ ವಿಷಯದಲ್ಲಿ ದೊಡ್ಡ ನಷ್ಟ ಏನಿಲ್ಲ ಬಿಡು ವಿನಿ" ಎಂದು ನನಗೇ ಹೇಳಿದಳು. ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿದರು, ಸ್ವಲ್ಪ ದಿನ ತಡೆಯಿತು, ಮತ್ತೆ ಇಳಿಯಿತು. ಮುಂದಿನ ಚಳಿಗಾಲದ ಹೊತ್ತಿಗೆ ಬೆಳಕು ನೆರಳು ಬಿಟ್ಟು ಹೆಚ್ಚೇನೂ ಉಳಿಯಲಿಕ್ಕಿಲ್ಲ ಎಂದರು. ಆ ದಿನ ಬಸ್ಸಿನಲ್ಲಿ ವಾಪಸು ಬರುವಾಗ ಕಿಟಕಿ ಕಡೆ ತಿರುಗಿ ಕೂತವಳು ಬಾಯಿಬಿಟ್ಟೇ ಹೇಳಿದಳು. "ನನ್ನ ಹೆಸರಿಂದು ಒಂದು ಹೂವು ಕಣ್ಣಲ್ಲಿ ನೋಡ್ಬೇಕಿತ್ತು ಕಣೇ. ಇಷ್ಟು ವಯಸ್ಸಾಯ್ತು, ಎಂಥಾ ಚಿಲ್ಲರೆ ಆಸೆ ನೋಡು." ನಾನು ಮಾತು ಬದಲಿಸಿದೆ.

ಅದೇ ಚಳಿಗಾಲ, ಫೆಬ್ರವರಿಯ ಮೊದಲಿಗೆ ಆರ್ನಲ್ಡ್‌ಗೆ ಅದು ಸಿಕ್ಕಿತು. ಪಾಳುಬಿದ್ದ ಗಿರಣಿಯ ಹಿಂದೆ, ಜೌಗು ನೆಲದಲ್ಲಿ. ಆರು ಎಸಳೂ ಒಂದೇ ಉದ್ದ. ಒಳಗೆ ಬಟ್ಟಲೇ ಇಲ್ಲ, ಹಸಿರು ಮಚ್ಚೆಯೂ ಇಲ್ಲ, ತುದಿಯಿಂದ ಬುಡದವರೆಗೆ ಅಚ್ಚ ಬಿಳಿ. ನಾನೂ ಬಹಳ ಸ್ನೋಡ್ರಾಪ್ ನೋಡಿದವಳು, ಅಂಥದ್ದನ್ನು ನೋಡಿರಲಿಲ್ಲ. ಮಣ್ಣು ಸಮೇತ ತಂದು ಅಡುಗೆಮನೆ ಬಾಗಿಲ ಪಕ್ಕ ಊರಿದ. ಅದನ್ನು ಯಾರಿಗೆಂದು ತಂದಿದ್ದಾನೆಂದು ಕೇಳುವ ಅಗತ್ಯವೇ ಇರಲಿಲ್ಲ, ಅವನ ಮುಖದಲ್ಲೇ ಬರೆದಿತ್ತು. ಆದರೂ ಊಟದ ದಿನ ಹತ್ತಿರ ಬಂದಂತೆ ಅವನು ಸೊರಗಿದ. ಒಂದು ಮಧ್ಯಾಹ್ನ ಬೇಲಿಯ ಹತ್ತಿರ ಬಂದು ನಿಂತ.

"ನಾಲ್ಕು ಚಳಿಗಾಲ ಕಾಯ್ಬೇಕಲ್ಲ ವಿನಿ. ನಾನೇ ಎಲ್ರಿಗೂ ಹೇಳ್ಕೊಂಡು ಬಂದಿದ್ದು. ಅದು ಉಲ್ಟಾ ಹೊಡೆದ್ರೆ?"

"ಹೂವು ಕಾಯುತ್ತೆ ಮಾರಾಯ, ಅವಳ ಕಣ್ಣು ಕಾಯುತ್ತಾ?" ಎಂದೆ. ಜೋರಾಗಿಯೇ ಎಂದೆ. "ನಾಯಿ ಹೆಸರಿಡುವಾಗ ಇಲ್ಲದ ಯೋಚನೆ ಎಲ್ಲಾ ಈಗ ಬಂತಾ?"

"ನಾಯಿದು ನಾಲ್ಕು ವರ್ಷ ನೋಡಿದ್ದೆ."

ಹೊಡೆಯಬೇಕು ಅನ್ನಿಸಿತು. ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ಊಟದ ದಿನ ಅವನು ಮದುವೆಗೆ ಹಾಕುವ ಕೋಟು ಹಾಕಿಕೊಂಡು ಬಂದ. ಎದ್ದು ನಿಂತು ಬಟ್ಟಲನ್ನು ಮೇಜಿನ ಮೇಲಿಟ್ಟು, ಗಂಟಲು ಸರಿಮಾಡಿಕೊಂಡು, "ಇದು ಮ್ಯೂರಿಯಲ್ ಪಿಕ್‌ಫೋರ್ಡ್" ಎಂದ. ಚಪ್ಪಾಳೆ ಬೀಳುವ ಮೊದಲೇ ಗ್ರೈಸ್ ಕೇಳಿದರು, "ಎಷ್ಟು ಚಳಿಗಾಲ ನೋಡಿದ್ದೀರಿ ಆರ್ನಲ್ಡ್?"

"ಒಂದು."

ಆರ್ನಲ್ಡ್ ಕಿವಿಯವರೆಗೂ ಕೆಂಪಾದ. "ನನಗೆ ಗೊತ್ತು, ತಪ್ಪು ಅಂತ. ಆದ್ರೂ ಇಟ್ಟಿದ್ದೀನಿ" ಎಂದು ಕೂತ. ಗ್ರೈಸ್ ಏನೋ ಹೇಳಲು ಬಾಯಿ ತೆರೆದವರು ಮ್ಯೂರಿಯಲ್ ಕಡೆ ನೋಡಿ ಸುಮ್ಮನಾದರು. ಅವಳು ಬಟ್ಟಲನ್ನು ಕಿಟಕಿಯ ಹತ್ತಿರ ಒಯ್ದಿದ್ದಳು. ನೆಟ್ಟಗೆ ನೋಡಿದರೆ ಕಾಣದ್ದಕ್ಕೆ ತಲೆ ಓರೆ ಮಾಡಿ, ಕಣ್ಣಿನ ಅಂಚಿನಿಂದ ನೋಡುತ್ತಿದ್ದಳು, ಒಮ್ಮೆ ಈ ಕಡೆಯಿಂದ, ಒಮ್ಮೆ ಆ ಕಡೆಯಿಂದ. ಅವಳ ಸೂಪು ಆರಿಹೋಯಿತು, ರೂಬಾರ್ಬ್ ಪುಡ್ಡಿಂಗ್ ಬಂದರೂ ತಿರುಗಲಿಲ್ಲ. ನಾನು ಅಷ್ಟು ಸಂತೋಷಪಟ್ಟ ಊಟ ಇನ್ನೊಂದಿಲ್ಲ.

ಮರುವರ್ಷ ಡಾಕ್ಟರು ಹೇಳಿದ ಹಾಗೇ ಆಯಿತು. ಕೆಟಲಿನ ಬಿಸಿಯನ್ನು ಕೈಯಿಂದ ಅಳೆದು ಚಹಾ ಮಾಡುವುದನ್ನು ಅವಳು ಕಲಿತಳು, ರೇಡಿಯೋದ ಜೊತೆ ಜಗಳವಾಡುವುದನ್ನೂ ಕಲಿತಳು. ಜನವರಿ ಕೊನೆಗೆ ಬಾಗಿಲ ಪಕ್ಕದ ಮಣ್ಣು ಸೀಳಿ ಮೊಳಕೆ ಎದ್ದಿತು. ದಿನಾ ಕೇಳುವಳು, "ಬಂತಾ ನಂದು?" ದಿನಾ ಅವನು "ಇನ್ನೂ ಮೊಗ್ಗು" ಎನ್ನುವನು. ಒಂದು ಬೆಳಿಗ್ಗೆ ನಾನು ಬೇಲಿಯಿಂದ ಬಗ್ಗಿ ನೋಡಿದರೆ ಹೂವು ಅರಳಿಯೇ ಬಿಟ್ಟಿತ್ತು. ಮೂರು ಉದ್ದ, ಒಳಗೆ ಮೂರು ಗಿಡ್ಡ, ಹಸಿರು ಮಚ್ಚೆ. ಶುದ್ಧ ಮಾಮೂಲಿ. ಆರ್ನಲ್ಡ್ ಅದರ ಮುಂದೆ ನಿಂತಿದ್ದ.

"ಹೇಳ್ಬೇಡ ವಿನಿ" ಎಂದ, ಪಿಸುಮಾತಿನಲ್ಲಿ. "ಹೋದ ವರ್ಷದ ಹಾಗೇ ಇದೆ ಅಂತೀನಿ."

ಹೂವಿನ ವಿಷಯದಲ್ಲಿ ಈ ಮನುಷ್ಯನ ಬಾಯಲ್ಲಿ ಸುಳ್ಳು ಬರುತ್ತದೆ ಎಂದು ನಾನು ಎಣಿಸಿರಲಿಲ್ಲ. ಏನಾದರೂ ಹೇಳುವಷ್ಟರಲ್ಲಿ ಅಡುಗೆಮನೆಯ ಬಾಗಿಲು ತೆರೆಯಿತು. ಮ್ಯೂರಿಯಲ್ ಅವನ ಹಳೇ ಸ್ವೆಟರು ಹಾಕಿಕೊಂಡು, ಗೋಡೆ ಹಿಡಿದು ಮೆಟ್ಟಿಲಿಳಿದಳು.

"ಪಿಸುಪಿಸು ಯಾಕೆ? ಬಂತಾ?"

"ಬಂತು" ಎಂದ. "ಬಂತು ಮ್ಯೂರಿಯಲ್. ಆರೂ ಒಂದೇ ಉದ್ದ. ಹೋದ ವರ್ಷಕ್ಕಿಂತ ಚೆನ್ನಾಗಿದೆ. ಒಂದು ಚುಕ್ಕೆ ಹಸಿರಿಲ್ಲ, ಬರೀ ಬಿಳಿ. ತಲೆ ಬಗ್ಗಿಸಿದ್ರೂ ಗತ್ತು ಬಿಟ್ಟಿಲ್ಲ. ಇಂಥದ್ದು ಈ ಸೀಮೇಲೇ ಯಾರ ಹತ್ರಾನೂ ಇಲ್ಲ." ಇಷ್ಟು ಮಾತು ಅವನ ಬಾಯಿಂದ ಒಂದೇ ಉಸಿರಿಗೆ ಬಂದದ್ದನ್ನು ನಾನು ಕೇಳಿಯೇ ಇರಲಿಲ್ಲ. ಮ್ಯೂರಿಯಲ್ ಮೊಣಕಾಲೂರಿ ಕೂತಳು. ಕೈ ಚಾಚಿ ಮೊದಲು ಹೆಸರಿನ ಪಟ್ಟಿ ಮುಟ್ಟಿದಳು, ಆಮೇಲೆ ಕಾಂಡ, ಆಮೇಲೆ ಹೂವು. ಅವಳು ಮುಟ್ಟಿ ನೋಡಬಹುದು ಎನ್ನುವುದು ಅವನಿಗೆ ಹೊಳೆದೇ ಇರಲಿಲ್ಲ. ಕಣ್ಣಿನಿಂದ ಬದುಕಿದವನಿಗೆ ಅದು ಹೊಳೆಯುವುದು ಹೇಗೆ! ಅವಳ ಕಿರುಬೆರಳು ಎಸಳುಗಳ ಒಳಗೆ ಹೋಗಿ ಆ ಪುಟ್ಟ ಬಟ್ಟಲಿನ ಮೇಲೆ ನಿಂತಿತು. ನಾನು ಬೇಲಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ.

"ಆರ್ನಲ್ಡ್."

ಅವಳು ಬೆರಳು ಹಿಂದಕ್ಕೆ ತೆಗೆದುಕೊಂಡಳು.

"ಸುಳ್ಳು ಹೇಳೋಕೆ ನಿನಗೆ ಒಂಚೂರೂ ಬರಲ್ಲ."

ಅವನು ಅಲ್ಲೇ ಕುಸಿದು ಕೂತ. ಅಳುತ್ತಿದ್ದ, ಮುಚ್ಚಿಡಲೂ ಇಲ್ಲ. "ತಪ್ಪು ನಂದೇ. ಎಷ್ಟೋ ಒಳ್ಳೊಳ್ಳೇವು ಸಿಕ್ಕಿದ್ವು, ನಿನಗೆ ಇಡಬಹುದಿತ್ತು. ಇದು ನಿಲ್ಲಲಿಲ್ಲ. ಪಟ್ಟಿ ಕಿತ್ತುಬಿಡ್ತೀನಿ. ಬೇರೆ ಹುಡುಕ್ತೀನಿ."

ಅವಳು ಪಟ್ಟಿಯ ಮೇಲೆ ಕೈ ಇಟ್ಟಳು. "ಮುಟ್ಟಿದ್ರೆ ಕೈ ಮುರೀತೀನಿ, ಮುದುಕ. ನೀನು ತಕ್ಕ ಹೂವಿಗೆ ಅಂತ ಕಾದೆ. ನಾನು ಯಾವುದೋ ಒಂದು ಹೂವಿಗೆ ಅಂತ ಕಾದೆ. ಅಷ್ಟೇ ವ್ಯತ್ಯಾಸ."

ನಾನು ಒಳಗೆ ಹೋಗಬೇಕಿತ್ತು, ಹೋಗಲಿಲ್ಲ.

"ಈಗ ನಿಜ ಹೇಳು, ಹೇಗಿದೆ?" ಎಂದಳು.

"ಮೂರು ಉದ್ದ, ಮೂರು ಗಿಡ್ಡ. ಹಸಿರು ಮಚ್ಚೆ. ಕಾಡು ತುಂಬ ಇರೋಂಥದ್ದೇ ಮ್ಯೂರಿಯಲ್."

"ಅದು ಬೆರಳಿಗೇ ಗೊತ್ತಾಯ್ತು. ಚೆನ್ನಾಗಿದೆಯಾ ಅಂತ ಕೇಳ್ದೆ."

ಆರ್ನಲ್ಡ್ ಮೂಗೊರೆಸಿಕೊಂಡ. ಆಮೇಲೆ ಒದ್ದೆ ನೆಲಕ್ಕೆ ಕೆನ್ನೆ ಹಚ್ಚಿ, ಆ ಮಾಮೂಲಿ ಹೂವನ್ನು ಕೆಳಗಿನಿಂದ ಬಹಳ ಹೊತ್ತು ನೋಡಿದ.

"ಚೆನ್ನಾಗಿದೆ" ಎಂದ.