ಕರಿ ಪುಡಿ ತಂದ ಗ್ರಾಮಸೇವಕರು

ಗ್ರಾಮಸೇವಕರ ಬಲಗೈ ಹೆಬ್ಬೆರಳಿಗೆ ಮಾತ್ರ ಉದ್ದ ಉಗುರು. ಉಳಿದವು ಬುಡಕ್ಕೆ ಕತ್ತರಿಸಿದವು. ಆ ಉಗುರಿನ ಸಂದಿಯಲ್ಲಿ ಯಾವಾಗಲೂ ಎರಿ ಮಣ್ಣು. ಕಂಡವರ ಹೊಲಕ್ಕಿಳಿದು ಗಿಡ ಕೀಳುವುದು, ಬೇರಿನ ಸಣ್ಣ ಗಂಟನ್ನು ಉಗುರಿನಿಂದ ಸೀಳಿ ಒಳಗಿನ ಬಣ್ಣ ನೋಡುವುದು ಅವರ ಚಟ. ಊಟಕ್ಕೆ ಕರೆದರೆ ಆ ಬೆರಳು ಮಡಚಿಕೊಂಡು ನಾಲ್ಕೇ ಬೆರಳಲ್ಲಿ ಉಣ್ಣುತ್ತಿದ್ದರು.

ನಮ್ಮದು ಕುರುಗೋಡಿನ ಹತ್ತಿರದ ಹಳ್ಳಿ. ಗಂಡ ಸತ್ತು ಆರು ತಿಂಗಳಾಗಿರಲಿಲ್ಲ, ಅವನ ಅಣ್ಣ, ಅಂದರೆ ನನ್ನ ಭಾವ, ನನ್ನ ಪಾಲಿನ ಹೊಲಕ್ಕೆ ಬಾಯಿ ಹಾಕಿದ. "ಹೆಂಗಸು ಏನು ಬೆಳೀತಾಳ? ನಮ್ಮ ಮನ್ಯಾಗ ಎರಡು ಹೊತ್ತು ರೊಟ್ಟಿ ತಿಂದು ಬಿದ್ದಿರ್ಲಿ" ಅಂದ. ಹಿರಿಯರು ಅವನ ಕಟ್ಟೆಯ ಮೇಲೆ ಕುಂತು ಅವನ ಎಲೆ ಅಡಿಕೆ ತಿನ್ನುವವರು. ಈ ಹಿಂಗಾರಿಗೆ ಅವನಷ್ಟು ಕಡ್ಲಿ ಬೆಳೆದರೆ ಹೊಲ ಇವಳದು, ಇಲ್ಲದಿದ್ದರೆ ಅವನದು ಅಂತ ಹೇಳಿಬಿಟ್ಟರು. ನನ್ನ ಪಾಲು ಸತ್ವ ಹೋದ ಹೊಲ ಅಂತ ಅವರಿಗೆಲ್ಲ ಗೊತ್ತಿತ್ತು.

ಆಗಲೇ ಗ್ರಾಮಸೇವಕರು ಬಳ್ಳಾರಿಯಿಂದ ಕರಿ ಪುಡಿಯ ಪಾಕೀಟು ತಂದದ್ದು. ಬಿಸಿಲು ತಾಗಬಾರದೆಂದು ಗಡಿಗೆಯಲ್ಲಿಟ್ಟು, ಹಸಿ ಗೋಣಿ ಸುತ್ತಿ, ಸೈಕಲ್ಲಿಗೆ ಕಟ್ಟಿದ್ದರು.

"ಇದರಾಗ ಕಣ್ಣಿಗೆ ಕಾಣದ ಜೀವ ಅದಾವ್ರಿ. ಬೇರಿಗೆ ಗಂಟು ಕಟ್ಟಿ, ಗಾಳ್ಯಾಗಿನ ಸಾರ ಹಿಡದು ಗಿಡಕ್ಕ ಉಣಸ್ತಾವ."

ಭಾವ ನಕ್ಕ. "ಹುಳ ಬಿದ್ದ ಬೀಜ ನಾವು ಚೆಲ್ತೀವಿ. ಈ ಸಾಹೇಬ್ರು ಹುಳ ಹಚ್ಚಿ ಬಿತ್ತು ಅಂತಾರ."

ಅವನು ನಕ್ಕನೆಂದೇ ನಾನು ಎರಡು ಪಾಕೀಟು ಇಸಿದುಕೊಂಡೆ.

ನಮ್ಮ ಅಂಗಳದಲ್ಲಿ ಬೆಲ್ಲದ ನೀರು ಕುದಿಸಿ ಇಳಿಸಿದೆ. ಹಬೆಯಾಡುವಾಗಲೇ ಪುಡಿ ಸುರಿಯಲು ಹೋದರೆ ಗ್ರಾಮಸೇವಕರು ಕೈಯಿಂದ ಕಸಿದುಕೊಂಡರು.

"ತಂಗೀ, ಕುದಿಯೋ ಹಾಲಿಗೆ ಹೆಪ್ಪು ಹಾಕ್ತಿಯೇನು?"

"ಹಾಕಿದ್ರ ಮೊಸರು ಆಗಂಗಿಲ್ಲ."

"ಯಾಕಂದ್ರ ಹೆಪ್ಪಿನಾಗಿನ ಜೀವ ಸಾಯ್ತಾವ. ಹಾಲು ಮೊಸರು ಮಾಡೋವು, ದ್ವಾಸಿ ಹಿಟ್ಟು ಉಬ್ಬಸೋವು, ಅಂಬಲಿ ಹುಳಿ ಮಾಡೋವು, ಎಲ್ಲಾ ಇವುಗಳ ದಾಯಾದಿಗಳು."

"ದಾಯಾದಿ ಅನಬ್ಯಾಡ್ರಿ, ಮೈ ಉರೀತೈತಿ."

"ಇವು ಉಣಸೋ ದಾಯಾದಿಗಳವ್ವಾ" ಅಂದರು.

ನೀರು ಪೂರ್ತಿ ಆರಿದ ಮೇಲೆ ಬೀಜಕ್ಕೆ ಪುಡಿ ಹಚ್ಚಿ, ನೆರಳಲ್ಲಿ ಒಣಗಿಸಿ, ಅವತ್ತೇ ಬಿತ್ತಿದೆ. ಹೂ ಬಿಡುವ ಹೊತ್ತಿಗೆ ನನ್ನ ಕಡ್ಲಿ ಕರ್ರಗೆ ಹಸಿರು, ಭಾವನದು ಹಳದಿ. ಗ್ರಾಮಸೇವಕರು ಹಿರಿಯರ ಮುಂದೆ ಎರಡೂ ಹೊಲದ ಗಿಡ ಕಿತ್ತರು. ನನ್ನ ಬೇರಿನ ತುಂಬ ಗಂಟು, ಸೀಳಿದರೆ ಒಳಗೆ ಕೆಂಪು; ಕೆಂಪಿದ್ದರೆ ಜೀವ ದುಡಿಯುತ್ತಿವೆ ಅಂತ ಅರ್ಥ. ಭಾವನ ಗಿಡದಲ್ಲಿ ಅಲ್ಲೊಂದು ಇಲ್ಲೊಂದು, ಅದೂ ಬಿಳಿ. ರಾಶಿ ಅಳೆದಾಗ ನನ್ನ ಕಡ್ಲಿ ಅವನದಕ್ಕಿಂತ ಹೆಚ್ಚೇ ಬಂತು; ಹೊಲ ನನಗೆ ಉಳಿಯಿತು.

ನನಗೆ ಅಷ್ಟಕ್ಕೆ ಸಮಾಧಾನ ಆಗಲಿಲ್ಲ.

ಮರುವರ್ಷ ಭಾವನೂ ಯಾರದೋ ಕೈಯಿಂದ ಪಾಕೀಟು ತರಿಸಿದ. ನಕ್ಕ ಬಾಯಿಂದ ಗ್ರಾಮಸೇವಕರನ್ನು ಕೇಳಲು ಅವನಿಗೆ ನಾಚಿಕೆ. ಹೆಂಡತಿಯನ್ನು ನನ್ನ ಹತ್ತಿರ ಕಳಿಸಿದ. "ಹೆಂಗ ಕಲಸಬೇಕವಾ?" ಅಂದಳು.

"ಬೆಲ್ಲದ ನೀರು ಕುದಿಯಾಗ ಪುಡಿ ಹಾಕಕ್ಕಾ. ಆಮ್ಯಾಲ ಎರಡು ದಿನ ಬಿಸಿಲಿಗೆ ಹರವು" ಅಂದೆ. ಅವತ್ತು ಸುಖವಾಗಿ ಉಂಡೆ.

ಓಣಿಯವರೆಲ್ಲ ಭಾವನ ಮನೆಯವರನ್ನು ನೋಡಿ ಹಾಗೇ ಮಾಡುತ್ತಾರೆ ಅಂತ ನಾನು ಎಣಿಸಿರಲಿಲ್ಲ. ಅವರ್ಯಾರ ಹೊಲದಲ್ಲೂ ಫರಕು ಕಾಣಲಿಲ್ಲ. ಭಾವ ಗ್ರಾಮಸೇವಕರನ್ನು ಚಾವಡಿಗೆ ಕರೆಸಿದ.

"ಪುಡಿ ಸುಳ್ಳು, ನೀನೂ ಸುಳ್ಳ."

"ಹೆಂಗ ಕಲಸಿದ್ರಿ?"

"ಕುದಿಯೋ ನೀರಾಗ. ಬಿಸಿಲಿಗೆ ಒಣಗ್ಸಿ."

ಗ್ರಾಮಸೇವಕರು ಹೆಂಗಸರ ಗುಂಪಿನಲ್ಲಿದ್ದ ನನ್ನನ್ನು ನೋಡಿದರು. ನಾನು ನೆಲ ನೋಡಿದೆ. ನಿಜ ಹೊರಬಿದ್ದರೆ ಅದೇ ನೆವ ಮಾಡಿಕೊಂಡು ಭಾವ ಹೊಲ ಕಸಿಯುತ್ತಿದ್ದ. ಅದು ಅವರಿಗೂ ಗೊತ್ತಿತ್ತು.

"ಈ ವರ್ಷ ಆಕಿಗೆ ನಾನೇ ತಪ್ಪು ಹೇಳಿದ್ದೆ" ಅಂದರು.

ಮೇಲಿನವರಿಗೆ ಅರ್ಜಿ ಹೋಯಿತು. ಅವರ ಬಡ್ತಿ ನಿಂತಿತು. ಸಿರುಗುಪ್ಪದ ಕಡೆ ವರ್ಗ ಆಯಿತು. ಆಮೇಲೆ ಅವರ ಯಾವ ಮಾತನ್ನೂ ಮಂದಿ ನಂಬಲಿಲ್ಲ; ನಮ್ಮೂರಲ್ಲಿ ಕರಿ ಪುಡಿ ಅಂದರೆ ಮೋಸದ ಹೆಸರಾಯಿತು. ನಾನೊಬ್ಬಳೇ ಹೊರಗಿನಿಂದ ತರಿಸಿ ಕದ್ದು ಹಚ್ಚಿ ಬೆಳೆದೆ.

ಏಳೆಂಟು ವರ್ಷದ ಮೇಲೆ ಬಸ್ಸು ಹಿಡಿದು ಅವರನ್ನು ಹುಡುಕಿಕೊಂಡು ಹೋದೆ. ಸಿರುಗುಪ್ಪದ ಕಡೆಯ ಕರೂರಿನ ಗದ್ದೆಯಲ್ಲಿ ಮೊಣಕಾಲು ಮಟ ಕೆಸರಲ್ಲಿ ನಿಂತು, ಭತ್ತಕ್ಕೆ ಪಾಚಿ ಬಿಡ್ರಿ, ಅದೂ ಗಾಳ್ಯಾಗಿನ ಸಾರ ಹಿಡೀತೈತಿ ಅಂತ ಹೇಳುತ್ತಿದ್ದರು. ಮಂದಿ ಅಲ್ಲಿಯೂ ನಗುತ್ತಿದ್ದರು.

"ಬೇಕಂತಲೇ ಹೇಳಿದ್ದೆ ಸಾಹೇಬ್ರ" ಅಂದೆ.

"ಅವತ್ತೇ ತಿಳೀತು. ಭಾವನ ಮ್ಯಾಲಿನ ಸಿಟ್ಟು ಹೋತೇನು?"

"ಇಲ್ರಿ. ಹೋಗಂಗೂ ಇಲ್ಲ."

"ಇರ್ಲಿ ಬಿಡು. ಆದ್ರ ಊರಾಗ ಖರೇ ಹೇಳು ತಂಗೀ. ಪುಡಿಗ್ಯಾಕ ಕೆಟ್ಟ ಹೆಸರು?"

"ಹೇಳಿದ್ರ ಭಾವನೂ ಬೆಳೀತಾನ."

"ಬೆಳೀತಾನ" ಅಂದರು. ಮತ್ತೆ ಕೇಳಲಿಲ್ಲ. ನಾನೂ ಮಾತು ಕೊಡದೆ ಬಂದೆ.

ಎರಡು ವರ್ಷಕ್ಕೆ ಕಾಮಾಲೆಯಾಗಿ ಸತ್ತರು. ಸುದ್ದಿ ನನಗೆ ಮುಟ್ಟುವಷ್ಟರಲ್ಲಿ ದಿನಕರ್ಮವೂ ಮುಗಿದಿತ್ತು. ಹೊಲದಿಂದ ನೆಟ್ಟಗೆ ಚಾವಡಿಗೆ ಹೋದೆ. ಕೈಯಲ್ಲಿ ಕುಡುಗೋಲು ಇತ್ತು.

"ಕುದಿಯೋ ನೀರು ಅಂತ ಹೇಳಿದಾಕಿ ನಾನು. ಗ್ರಾಮಸೇವಕ್ರು ನನ್ನ ಸಲುವಾಗಿ ತಪ್ಪು ಹೊತ್ರು. ಪುಡಿ ಖರೇ ಐತಿ. ಆರಿದ ನೀರು, ನೆರಳು, ಅದೇ ದಿನ ಬಿತ್ತೋದು, ಅಷ್ಟೇ."

ಭಾವ ಎದ್ದು ನಿಂತ. ನಾನು ಅವನಿಗೆ, "ಹೊಲ ಕಸಗೊಳ್ಳಾಕ ಬರ್ತಿಯೇನು? ಬಾ" ಅಂದೆ. ಬರಲಿಲ್ಲ.

ಆ ಹಿಂಗಾರಿಗೆ ಊರೆಲ್ಲ ಪುಡಿ ಹಚ್ಚಿತು. ಭಾವನ ಕಡ್ಲಿ ನನ್ನದಕ್ಕಿಂತ ಚೆನ್ನಾಗಿ ಬಂತು. ಬದುವಿನ ಮೇಲೆ ನಿಂತು ನೋಡಿದೆ. ಹೊಟ್ಟೆ ಉರಿಯಿತು. ಗ್ರಾಮಸೇವಕರ ಸಲುವಾಗಿ ನುಂಗಿಕೊಂಡೆ. ಬೇರೆ ಯಾರ ಸಲುವಾಗಿಯೂ ನುಂಗುತ್ತಿರಲಿಲ್ಲ.